ಬಸುರಿಯ ಹೆಸರಿನ ಸಾಲ

(ಕುಷ್ಟಗಿಯಲ್ಲಿ ಮಹಿಳಾ ಸಂಘಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆಯಿಂದ ಬಂದಿದ್ದೀರಿ. 2023ರಿಂದ ನಮಗೆ ಬಸ್ಸಿಗೆ ರೊಕ್ಕ ಇಲ್ಲ, ಅದು ನಿಜ. ಆದರೆ ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ, ಆ ಲೆಕ್ಕ ನನಗೆ ಗೊತ್ತಿದೆ. ಆದ್ದರಿಂದ ಸುತ್ತು ಬಳಸಿ ಮಾತಾಡುವುದಿಲ್ಲ. ವರದಕ್ಷಿಣೆಯ ಬಗ್ಗೆ ಮಾತಾಡು ಎಂದು ನನ್ನನ್ನು ಕರೆದಿದ್ದಾರೆ. ನಾನು ಸಾಲದ ಬಗ್ಗೆ ಮಾತಾಡುತ್ತೇನೆ, ಅದರಲ್ಲೂ ಬಸುರಿ ಹೆಂಗಸಿನ ಹೆಸರಿನಲ್ಲಿರುವ ಸಾಲದ ಬಗ್ಗೆ. ವಿಷಯ ಬಿಟ್ಟು ಮಾತಾಡಿದೆ ಅನಿಸಿದವರು ಕೊನೆಗೆ ಎದ್ದು ನಿಂತು ಜಗಳ ತೆಗೆಯಬಹುದು.

ನಾವು ಸಂಘದ ಕೆಲಸ ಶುರು ಮಾಡಿದ ಕಾಲಕ್ಕೆ ಹೊಡೆತ ತಿಂದು ಬಂದ ಹೆಣ್ಣುಮಗಳನ್ನು "ಏನು ಕೇಳ್ತಾರವ್ವಾ?" ಎಂದರೆ ಉತ್ತರ ಸ್ಪಷ್ಟವಾಗಿರುತ್ತಿತ್ತು. ಒಂದು ತೊಲಿ ಬಂಗಾರ ಬಾಕಿ ಉಳಿದಿದೆ, ಸೈಕಲ್ ಮೋಟರ್ ಕೊಡಿಸಿಲ್ಲ, ಹೊಲದಾಗಿನ ಪಾಲು ಕೇಳ್ತಾರೆ, ಹೀಗೆ. ಈಗ ಹತ್ತು ವರ್ಷದಿಂದೀಚೆ ಬರುವ ಉತ್ತರ ಬೇರೆ. "ಇನ್ನೊಂದು ಗುಂಪಿನ ಸಾಲ ಎತ್ತಿಕೊಡು ಅಂತಾನ್ರಿ." ಕೊಡದಿದ್ದರೆ ಹೊಡೆತ. ಕೊಟ್ಟ ಮೇಲೆ ಕಂತು ಕಟ್ಟಲಾಗದಿದ್ದರೂ ಹೊಡೆತ. ತವರಿನ ಗಂಟು ಕರಗಿದ ಮೇಲೆ ಹೆಂಡತಿಯ ಆಧಾರ್ ಕಾರ್ಡು, ಹೆಬ್ಬೆರಳು, ಸಹಿ ಇವೇ ಹೊಸ ಗಂಟಾಗಿವೆ. ಇದನ್ನು ನಾನು ಕಂತಿನ ಮೇಲಿನ ವರದಕ್ಷಿಣೆ ಎನ್ನುತ್ತೇನೆ.

ಮೊದಲು ನಮ್ಮ ನೆಲದ ಮಾತು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದಾಗ ಇದ್ದದ್ದು ಈ ನಾಲ್ಕೇ ತಾಲ್ಲೂಕು. ಕಾರಟಗಿ, ಕನಕಗಿರಿ, ಕುಕನೂರು ಆಮೇಲೆ ಬಂದವು. ಹೊರಗಿನವರಿಗೆ ಎಲ್ಲ ಒಂದೇ ಬಯಲುಸೀಮೆಯಾಗಿ ಕಾಣುತ್ತದೆ. ಗಂಗಾವತಿಯ ಕಡೆ ತುಂಗಭದ್ರೆಯ ಕಾಲುವೆ, ಭತ್ತ, ಅಕ್ಕಿ ಗಿರಣಿ. ಕುಷ್ಟಗಿ, ಯಲಬುರ್ಗಾದ ಕಡೆ ಮಳೆ ಬಂದರೆ ಸಜ್ಜೆ, ಜೋಳ, ಕಡಲೆ, ಬಾರದಿದ್ದರೆ ಗುಳೆ. ಒಣಭೂಮಿಯವರಿಗೆ ಮಾತ್ರ ಸಾಲ ಎಂದು ತಿಳಿಯಬೇಡಿ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತಲ್ಲ, ಆಗ ಪೇಪರಿನವರು ಎಷ್ಟು ಟಿಎಂಸಿ ನೀರು ಹೋಯಿತು, ಎಷ್ಟು ಎಕರೆ ಭತ್ತ ಎಂದು ಬರೆದರು. ಮುಂದೆ 2025ರ ಕೊನೆಗೆ, ಹಳೆಯ ಗೇಟುಗಳನ್ನು ಬದಲಿಸಬೇಕು, ಎರಡನೆಯ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಗೇಟು ಬದಲಿಸಲೇಬೇಕು, ಅದಕ್ಕೆ ತಕರಾರಿಲ್ಲ. ಆದರೆ ಎರಡನೆಯ ಬೆಳೆ ಇಲ್ಲ ಅಂದರೆ ನಾಟಿ ಹಚ್ಚುವ ಕೂಲಿ ಇಲ್ಲ, ಕಳೆ ತೆಗೆಯುವ ಕೂಲಿ ಇಲ್ಲ. ಅದು ಹೆಂಗಸರ ಕೂಲಿ. ವಾರದ ಕಂತು ಮಾತ್ರ ಗೇಟು ನೋಡಿ ನಿಲ್ಲುವುದಿಲ್ಲ.

ಈಗ ಒಬ್ಬ ಹೆಣ್ಣುಮಗಳ ಲೆಕ್ಕ ಹೇಳುತ್ತೇನೆ. ಹೆಸರು ಬೇಡ, ಊರೂ ಬೇಡ. ಒಣಭೂಮಿಯ ಹಳ್ಳಿ. ಏಳು ತಿಂಗಳ ಬಸುರಿ, ಎರಡನೆಯ ಹೆರಿಗೆ. ನಮ್ಮ ಹತ್ತಿರ ಬಂದಾಗ ಚೀಲದಲ್ಲಿ ತಾಯಿ ಕಾರ್ಡಿನ ಜೊತೆಗೆ ಮೂರು ಕಂಪನಿಗಳ ಮೂರು ಕಾರ್ಡು ಇದ್ದವು. ಎಲ್ಲವನ್ನೂ ಚಾಪೆಯ ಮೇಲೆ ಹರವಿಕೊಂಡು ಒಂದು ಹಾಳೆಯಲ್ಲಿ ಬರೆದೆವು.

ಒಂದನೆಯದು 50,000 ರೂಪಾಯಿ, ತಿಂಗಳಿಗೆ ಸುಮಾರು 2,650 ಕಂತು. ಈ ರೊಕ್ಕ ಮಾವನ ಹೊಲದ ಬೋರಿಗೆ ಹೋಯಿತು, ನೀರು ಬೀಳಲಿಲ್ಲ. ಎರಡನೆಯದು 40,000, ತಿಂಗಳಿಗೆ 2,100. ಇದು ನಾದಿನಿಯ ಮದುವೆಗೆ. ಕೇಳಿಸಿಕೊಳ್ಳಿ, ಇವಳ ಸಾಲ ಇವಳ ನಾದಿನಿಯ ವರದಕ್ಷಿಣೆಯಾಯಿತು. ಮೂರನೆಯದು 30,000, ತಿಂಗಳಿಗೆ 1,600. ಇದು ಯಾತಕ್ಕೆಂದರೆ ಮೊದಲಿನ ಎರಡರ ಕಂತು ಕಟ್ಟಲಿಕ್ಕೆ. ನಾಲ್ಕನೆಯದು ಹತ್ತು ವಾರದ ಸಾಲ. ಹತ್ತು ಸಾವಿರ ಎಂದು ಬರೆಸಿಕೊಂಡು ಕೈಗೆ ಎಂಟೂವರೆ ಸಾವಿರ ಕೊಟ್ಟು, ವಾರಕ್ಕೆ ಸಾವಿರದಂತೆ ಹತ್ತು ವಾರ ವಸೂಲಿ. ಇದು ಗಂಡ ಗುಳೆ ಹೋಗುವಾಗಿನ ಖರ್ಚಿಗೆ. ಐದನೆಯದು ಊರ ಸಾಹುಕಾರರ 20,000, ನೂರಕ್ಕೆ ಮೂರು ಬಡ್ಡಿ, ತಿಂಗಳಿಗೆ 600. ಇದು ಅತ್ತೆಯ ದವಾಖಾನೆಗೆ.

ಕೂಡಿಸಿದರೆ ತಲೆಯ ಮೇಲೆ ಒಂದೂವರೆ ಲಕ್ಷ. ತಿಂಗಳಿಗೆ ಕಟ್ಟಬೇಕಾದದ್ದು ಹನ್ನೊಂದು ಸಾವಿರದ ಹತ್ತಿರ. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿ ಕಳಿಸುವುದು ಕೆಲಸ ಇದ್ದ ತಿಂಗಳು ಹನ್ನೆರಡು ಸಾವಿರ. ಇವಳ ಕೂಲಿ ಆರನೆಯ ತಿಂಗಳಿಗೇ ನಿಂತಿತ್ತು, ನಿಂತು ಕಳೆ ತೆಗೆಯಲಿಕ್ಕೆ ಸೊಂಟ ಏಳುತ್ತಿರಲಿಲ್ಲ.

ನಾನು ಕೇಳಿದೆ, "ಇದರಾಗ ನಿನ್ನ ಸಲುವಾಗಿ ಖರ್ಚಾಗಿದ್ದು ಎಷ್ಟವ್ವಾ?" ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಸ್ಕ್ಯಾನಿಂಗಿಗೆ ಎಂಟುನೂರು, ಯಕ್ಕಾ" ಅಂದಳು. ಒಂದೂವರೆ ಲಕ್ಷದಲ್ಲಿ ಎಂಟುನೂರು. ಆ ಎಂಟುನೂರಕ್ಕೂ ಅತ್ತೆ, "ನಾ ಐದ್ ಹಡದೀನಿ, ನನಗ ಯಾರ್ ಮಾಡ್ಸಿದ್ರು ಸ್ಕ್ಯಾನಿಂಗು" ಅಂದಿದ್ದರಂತೆ.

ಅವಳ ತಾಯಿ ಕಾರ್ಡು ನೋಡಿದೆ. ರಕ್ತ 8.2 ಎಂದು ಬರೆದಿತ್ತು. ಬಸುರಿಗೆ 11ಕ್ಕಿಂತ ಕೆಳಗೆ ಇಳಿದರೆ ರಕ್ತಹೀನತೆ, 7ಕ್ಕಿಂತ ಕೆಳಗೆ ಹೋದರೆ ಜೀವಕ್ಕೇ ಸಂಚಕಾರ. ತಪಾಸಣೆಗೆ ಎರಡು ಸಲ ಹೋಗಿರಲಿಲ್ಲ. ಯಾಕೆಂದರೆ ಎರಡು ಸಲವೂ ಅದೇ ದಿನ ಮುಂಜಾನೆ ಗುಂಪಿನ ಮೀಟಿಂಗು ಬಿದ್ದಿತ್ತು. ಮೀಟಿಂಗಿಗೆ ಹೋಗದಿದ್ದರೆ ಬಾಕಿಯವರು ಮನೆಗೆ ಬರುತ್ತಾರೆ, ದವಾಖಾನೆಗೆ ಹೋಗದಿದ್ದರೆ ಯಾರೂ ಬರುವುದಿಲ್ಲ. ಈ ಮಾತು ಅವಳೇ ಹೇಳಿದ್ದು. ಇಡೀ ವಿಷಯವೇ ಅದರಲ್ಲಿದೆ ಎಂದು ನನಗನಿಸುತ್ತದೆ.

ಬಾಕಿಯವರು ಯಾರು? ನಾವೇ. ಇದನ್ನು ಮುಚ್ಚಿಟ್ಟು ಮಾತಾಡುವುದರಲ್ಲಿ ಅರ್ಥವಿಲ್ಲ. ಕಂಪನಿಯ ಹುಡುಗ ಮೋಟರ್ ಸೈಕಲ್ಲಿನ ಮೇಲೆ ಬಂದು ಬೇವಿನ ಗಿಡದ ಕೆಳಗೆ ನಿಲ್ಲುತ್ತಾನೆ. ಅವನು ಒಂದು ಕೆಟ್ಟ ಮಾತೂ ಆಡುವುದಿಲ್ಲ. "ಎಲ್ಲರದೂ ಬಂದ ಮ್ಯಾಲೆ ಕಾರ್ಡಿಗೆ ಸಹಿ ಮಾಡ್ತೀನಿ" ಎಂದು ಸುಮ್ಮನೆ ನಿಲ್ಲುತ್ತಾನೆ. ಉಳಿದ ಒಂಬತ್ತು ಜನ ಹೆಂಗಸರು ಹೊಲದ ಕೆಲಸ ಬಿಟ್ಟು ಇವಳ ಕಟ್ಟೆಯ ಮೇಲೆ ಕೂಡುತ್ತಾರೆ. "ನೀ ಕಟ್ಟೂತನ ನಾವು ಏಳಂಗಿಲ್ಲ." ಒಳಗೆ ಎಂಟು ತಿಂಗಳ ಬಸುರಿ, ಹೊರಗೆ ಅವಳದೇ ಓಣಿಯ ಅಕ್ಕ, ಚಿಗವ್ವ, ವಾರಿಗೆಯವರು. ಆ ಒಂಬತ್ತು ಜನರನ್ನು ನಾನು ಬೈಯುವುದಿಲ್ಲ, ಅವರ ಕಂತೂ ಹಾಗೆಯೇ ಹೊಂದಿಸಿದ್ದು. ಒಬ್ಬಳು ಕಿವಿಯೋಲೆ ಇಟ್ಟು ತಂದಿರುತ್ತಾಳೆ, ಒಬ್ಬಳು ಕುರಿಮರಿ ಮಾರಿರುತ್ತಾಳೆ. ಸಾಲ ಕೊಡುವವನು ನಮ್ಮಿಂದ ಮನೆ ಬರೆಸಿಕೊಳ್ಳುವುದಿಲ್ಲ, ಹೊಲ ಬರೆಸಿಕೊಳ್ಳುವುದಿಲ್ಲ. ನಮ್ಮ ಮರ್ಯಾದೆಯನ್ನು ಬರೆಸಿಕೊಳ್ಳುತ್ತಾನೆ, ಅದನ್ನು ಕಾಯಲಿಕ್ಕೆ ನಮ್ಮನ್ನೇ ಕೂಡಿಸುತ್ತಾನೆ.

ಹೆಂಗಸರಿಗೇ ಯಾಕೆ ಸಾಲ ಕೊಡುತ್ತಾರೆ ಎಂದು ಕೇಳುತ್ತೀರಿ. ಹೆಣ್ಣುಮಕ್ಕಳ ಉದ್ಧಾರಕ್ಕೆ ಎಂದು ಅವರ ಗೋಡೆಯ ಮೇಲೆ ಬರೆದಿರುತ್ತದೆ. 2000-01ರಲ್ಲಿ ಸರ್ಕಾರದ ಸ್ತ್ರೀಶಕ್ತಿ ಗುಂಪುಗಳು ಬಂದಾಗ ನಾವೇ ಮನೆಮನೆಗೆ ಹೋಗಿ ಸೇರಿಸಿದವರು. ಅಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ವಾರಕ್ಕೆ ಹತ್ತು ರೂಪಾಯಿ ಕೂಡಿಸುತ್ತ ಹೆಂಗಸರು ಲೆಕ್ಕ ಕಲಿತರು, ಪಂಚಾಯಿತಿಯಲ್ಲಿ ಬಾಯಿ ಬಿಟ್ಟರು. ಕಂಪನಿಗಳು ಬಂದದ್ದು ನಾವು ಕಟ್ಟಿದ ಆ ಹಾದಿಯ ಮೇಲೆಯೇ, ಉಳಿತಾಯವನ್ನು ಬಿಟ್ಟು ಸಾಲವನ್ನಷ್ಟೇ ಹೊತ್ತುಕೊಂಡು. 2010ರ ಅಕ್ಟೋಬರಿನಲ್ಲಿ ಪಕ್ಕದ ಆಂಧ್ರದಲ್ಲಿ ಸಾಲಗಾರರ ಆತ್ಮಹತ್ಯೆಗಳು ದೊಡ್ಡ ಸುದ್ದಿಯಾಗಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಅಲ್ಲಿಂದ ಕಾಲು ತೆಗೆದ ಬಂಡವಾಳ ಬೇರೆ ರಾಜ್ಯಗಳ ಕಡೆ ತಿರುಗಿತು, ಅದರಲ್ಲಿ ನಮ್ಮದೂ ಒಂದು. ಹೆಂಗಸು ಊರು ಬಿಟ್ಟು ಓಡುವುದಿಲ್ಲ, ಕುಡಿಯುವುದಿಲ್ಲ, ನಾಲ್ಕು ಜನರ ಮಾತಿಗೆ ಅಂಜುತ್ತಾಳೆ. ಬಸುರಿಯಂತೂ ಎಲ್ಲಿಗೂ ಹೋಗಲಾರಳು. ವಸೂಲಿಗೆ ಇದಕ್ಕಿಂತ ಅನುಕೂಲದ ಆಸಾಮಿ ಸಿಕ್ಕಾಳೆಯೆ?

ಇನ್ನು ಕುಬಸದ ವಿಷಯ. ಇದನ್ನು ಹೇಳಿದರೆ ಇಲ್ಲಿ ಕೆಲವು ಹಿರಿಯರಿಗೆ ಸಿಟ್ಟು ಬರುತ್ತದೆ, ಬರಲಿ. ಐದು ತಿಂಗಳಿಗೋ ಏಳು ತಿಂಗಳಿಗೋ ತವರಿನವರು ಸೀರೆ, ಕುಬಸದ ಕಣ, ಹಸಿರು ಬಳೆ, ಬುತ್ತಿ ಕಟ್ಟಿಕೊಂಡು ಬಂದು ಮಗಳಿಗೆ ಉಡಿ ತುಂಬುವುದು ಚೆಂದದ ಪದ್ಧತಿ. ಬಸುರಿಯ ಬಯಕೆ ಏನು ಎಂದು ಕೇಳುವ ಪದ್ಧತಿ ಅದು. ಅದು ಈಗ ಏನಾಗಿದೆ? ಪೆಂಡಾಲು, ಫೋಟೋದವರು, ಊರಿಗೆಲ್ಲ ಊಟ. ಅಳಿಯನಿಗೆ ಉಂಗುರ, ಅತ್ತೆಗೆ ಇಳಕಲ್ ಸೀರೆ. ನಂತರ ಚೊಚ್ಚಲ ಹೆರಿಗೆ ತವರಿನದು, ದವಾಖಾನೆ ತವರಿನದು. ತೊಟ್ಟಿಲಿಗೆ ಮತ್ತೆ ಕೂಸಿಗೆ ಬಂಗಾರ, ಅಳಿಯನ ಮನೆಯವರಿಗೆ ಅರಿವೆ. ಮದುವೆಯ ಸಾಲ ತೀರುವ ಮೊದಲೇ ಕುಬಸದ ಸಾಲ, ಅದರ ಬೆನ್ನಿಗೆ ಬಾಣಂತನದ ಸಾಲ. ನನ್ನ ಕುಬಸಕ್ಕೆ ನಮ್ಮವ್ವ ಹಿಂಡುವ ಎಮ್ಮೆ ಮಾರಿದ್ದಳು. ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ತಮ್ಮ ಸಿಟ್ಟಿನಲ್ಲಿ ಬಾಯಿತಪ್ಪಿ ಅಂದಾಗ. ಆ ವರ್ಷ ಮನೆಯಲ್ಲಿ ಕಿರಿಯವಳಿಗೆ ಹಾಲು ಇರಲಿಲ್ಲವಂತೆ.

ಇದಕ್ಕೆ ಕಾನೂನು ಏನು ಹೇಳುತ್ತದೆ? 1961ರ ವರದಕ್ಷಿಣೆ ನಿಷೇಧ ಕಾಯ್ದೆಯನ್ನು ಎಂಬತ್ತರ ದಶಕದಲ್ಲಿ ಚಳುವಳಿಯ ಒತ್ತಾಯದಿಂದ ತಿದ್ದಿದಾಗ, ಮದುವೆಯಾದ ಮೇಲೆ ಯಾವಾಗ ಕೇಳಿದರೂ ಅದು ವರದಕ್ಷಿಣೆಯೇ ಎಂದಾಯಿತು. ಆದರೆ 2001ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಮಗು ಹುಟ್ಟಿದಾಗ ಅಥವಾ ಇತರ ಶಾಸ್ತ್ರಗಳಲ್ಲಿ ಪದ್ಧತಿಯಂತೆ ಕೊಡುವುದು ವರದಕ್ಷಿಣೆಯೊಳಗೆ ಬರುವುದಿಲ್ಲ ಎಂದಿತು. ಕೊಡುವವರು ಖುಷಿಯಿಂದ ಕೊಡುತ್ತಾರೆಯೋ ಮಗಳ ಬೆನ್ನಿನ ಬಾಸುಂಡೆ ನೋಡಿ ಕೊಡುತ್ತಾರೆಯೋ, ಪದ್ಧತಿ ಎಂಬ ಮಾತಿನೊಳಗೆ ಎರಡೂ ಅಡಗಿಕೊಳ್ಳುತ್ತವೆ.

2022ರ ಜನವರಿಯಲ್ಲಿ ಅದೇ ಕೋರ್ಟಿನಿಂದ ಇನ್ನೊಂದು ತೀರ್ಪು ಬಂದಿತು. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ಮಧ್ಯಪ್ರದೇಶದ ಪ್ರಕರಣ. ಮನೆ ಕಟ್ಟಲಿಕ್ಕೆ ತವರಿನಿಂದ ರೊಕ್ಕ ತಾ ಎಂದು ಪೀಡಿಸಿದರು. ಐದು ತಿಂಗಳ ಬಸುರಿ ಬೆಂಕಿ ಹಚ್ಚಿಕೊಂಡು ಸತ್ತಳು. ಹೈಕೋರ್ಟು, ರೊಕ್ಕ ಕೇಳಿದವಳು ಆಕೆಯೇ, ಆದ್ದರಿಂದ ಅದು ವರದಕ್ಷಿಣೆಯಲ್ಲ ಎಂದಿತ್ತು. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಆಕೆ ಕೇಳಿದ್ದು ಪೀಡನೆ ತಾಳಲಾರದೆ, ಮನೆ ಕಟ್ಟಲು ಕೇಳಿದ ರೊಕ್ಕವೂ ವರದಕ್ಷಿಣೆಯೇ, ಆ ಪದಕ್ಕೆ ವಿಶಾಲವಾದ ಅರ್ಥ ಕೊಡಬೇಕು ಎಂದಿತು. ನಮಗೆ ಬೇಕಾದ ಮಾತು ಇದೇ. ಆಕೆಯೇ ಕೇಳಿದಳು ಎಂಬುದು ಹೇಗೋ ಹಾಗೆಯೇ ಆಕೆಯೇ ಸಹಿ ಮಾಡಿದಳು ಎಂಬುದು. ಠಾಣೆಗೆ ಹೋದಾಗಲೂ, ಊರ ಹಿರಿಯರ ಮುಂದೆ ಕೂತಾಗಲೂ ನಮಗೆ ಮೊದಲು ಎಸೆಯುವ ಕಲ್ಲು ಅದು: "ಸಾಲ ತಗೊಂಡಾಕಿ ನೀನ, ಸೈನ್ ಮಾಡಿದಾಕಿ ನೀನ." ಕಂಪನಿಯ ಎದುರು ಸಹಿ ಸಹಿಯೇ, ಸಾಲ ಸಾಲವೇ, ಅದನ್ನು ಅಲ್ಲಗಳೆಯಲು ಬರುವುದಿಲ್ಲ. ಆದರೆ ಗಂಡನ ಮನೆಯವರ ಎದುರು ಆ ಸಹಿಯ ಹಿಂದಿನ ಹೊಡೆತದ ಲೆಕ್ಕ ನಾವು ಕೇಳಬಹುದು, ಕೇಳಲೇಬೇಕು.

ಅದಕ್ಕೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಹೊಡೆಯುವುದು ಮಾತ್ರ ದೌರ್ಜನ್ಯವಲ್ಲ, ಆರ್ಥಿಕ ದೌರ್ಜನ್ಯವೂ ದೌರ್ಜನ್ಯ ಎಂದು ಆ ಕಾಯ್ದೆಯೇ ಹೇಳುತ್ತದೆ. ನಿಮ್ಮ ಸ್ತ್ರೀಧನ ಕಸಿದುಕೊಳ್ಳುವುದು, ಮನೆಖರ್ಚಿಗೆ ಕೊಡದಿರುವುದು, ನಿಮ್ಮ ಬಂಗಾರ ಮಾರುವುದು ಎಲ್ಲ ಅದರಲ್ಲಿ ಬರುತ್ತದೆ. ಇರುವ ಮನೆಯಿಂದ ನಿಮ್ಮನ್ನು ಹೊರಗೆ ಹಾಕಬಾರದೆಂದು, ಖರ್ಚಿಗೆ ಕೊಡಬೇಕೆಂದು ಮ್ಯಾಜಿಸ್ಟ್ರೇಟರಿಂದ ಆದೇಶ ಪಡೆಯಬಹುದು. ಅರ್ಜಿಗೆ ವಕೀಲರೇ ಬೇಕೆಂದಿಲ್ಲ, ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿ ಸಂರಕ್ಷಣಾಧಿಕಾರಿ ಇರುತ್ತಾರೆ. 181ಕ್ಕೆ ಫೋನ್ ಮಾಡಬಹುದು. ಕ್ರೌರ್ಯದ ಮೊಕದ್ದಮೆಗೆ ಮೊದಲು 498ಎ ಎನ್ನುತ್ತಿದ್ದೆವು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮು. ಠಾಣೆಯಲ್ಲಿ "498 ರದ್ದಾಗೇತಿ" ಎಂದು ಯಾರಾದರೂ ವಾಪಸು ಕಳಿಸಿದರೆ ಈ ನಂಬರು ಹೇಳಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನಿಂದ ಹಿಂಸೆ ಕಂಡವರು ಎಂದಿದೆ, ಇಡೀ ದೇಶದಲ್ಲಿ ಅದೇ ಹೆಚ್ಚು.

ಬಾಣಂತನಕ್ಕೆ ತವರಿಗೆ ಹೋಗುವ ಮಾತಿಗೆ ಬರುತ್ತೇನೆ. ಮೊದಲು ಬಸುರಿ ತವರಿಗೆ ಹೋದರೆ ಐದು ತಿಂಗಳು ಉಸಿರಾಡುತ್ತಿದ್ದಳು. ಹೊಡೆತ ತಪ್ಪುತ್ತಿತ್ತು, ಬಾಯಿಗೆ ಅಂಟಿನುಂಡಿ ಬೀಳುತ್ತಿತ್ತು. ಈಗ ಹೋಗಬೇಕೆಂದರೆ ಗುಂಪಿನವರು ಬಿಡುವುದಿಲ್ಲ, "ಅಲ್ಲೇ ಕುಂತ್ರ ನಿನ್ನ ಕಂತು ಯಾರ್ ಕಟ್ಟಬೇಕು?" ಗಂಡನ ಮನೆಯವರು ಹೋಗು ಎನ್ನುತ್ತಾರೆ, ಜೊತೆಗೆ "ಬರುವಾಗ ಕಂತಿನ ರೊಕ್ಕ ತಗೊಂಡ ಬಾ" ಎನ್ನುತ್ತಾರೆ. ಬೋರು ಮಾವನದು, ಮದುವೆ ನಾದಿನಿಯದು, ಸಾಲ ಸೊಸೆಯದು, ತೀರಿಸುವವರು ತವರಿನವರು. ಇದಕ್ಕೆ ವರದಕ್ಷಿಣೆ ಎನ್ನದೆ ಬೇರೆ ಯಾವ ಹೆಸರಿದೆಯೋ ತಿಳಿದವರು ಹೇಳಬೇಕು.

ಇನ್ನು ಏನು ಮಾಡುವುದು. ಆ ಹೆಣ್ಣುಮಗಳ ಜೊತೆ ಕೂತು ನಾವು ಮೊದಲು ಮಾಡಿದ್ದು ಹಾಳೆಯಲ್ಲಿ ಬರೆಯುವ ಕೆಲಸ. ಯಾರ ಸಾಲ, ಎಷ್ಟು, ಯಾರು ಬಳಸಿದರು, ತಿಂಗಳಿಗೆ ಎಷ್ಟು, ಇನ್ನೆಷ್ಟು ಕಂತು. ಬರೆದ ಹಾಳೆಯನ್ನು ಅತ್ತೆ-ಮಾವನ ಮುಂದೆ, ಫೋನಿನಲ್ಲಿ ಗಂಡನ ಮುಂದೆ ಓದಿದೆವು. ಮಾವ ಮೊದಲು ಕೂಗಾಡಿದರು. ಆಮೇಲೆ ಬೋರಿನ ಸಾಲ ತಮ್ಮದೆಂದು ಒಪ್ಪಿ ಎರಡು ಆಡು ಮಾರಿದರು. ಎಲ್ಲ ಮಾವಂದಿರೂ ಹೀಗೆ ಒಪ್ಪುತ್ತಾರೆಂದು ನಾನು ಹೇಳುವುದಿಲ್ಲ. ಆಡು ಮಾರಿದ ರೊಕ್ಕದಲ್ಲಿ ಮೊದಲು ಕಳೆದುಕೊಂಡದ್ದು ಹತ್ತು ವಾರದ ಸಾಲವನ್ನು. ಅದರ ಬಡ್ಡಿ ಲೆಕ್ಕ ಹಾಕಿ ನೋಡಿ, ವರ್ಷಕ್ಕೆ ನೂರಕ್ಕೆ ನೂರಕ್ಕೂ ಮೀರುತ್ತದೆ. ನೂರಕ್ಕೆ ಮೂರು ಎನ್ನುವ ಸಾಹುಕಾರರದು ವರ್ಷಕ್ಕೆ 36. ಕಂಪನಿಯದು 24ರ ಆಸುಪಾಸು. ಹೆಚ್ಚು ಗಟ್ಟಿ ದನಿಯಲ್ಲಿ ಕೂಗುವವನ ಸಾಲವನ್ನು ಮೊದಲು ತೀರಿಸುವುದು ನಮ್ಮ ರೂಢಿ. ಹೆಚ್ಚು ತಿನ್ನುವ ಸಾಲವನ್ನು ಮೊದಲು ತೀರಿಸಬೇಕು. ಕಂತು ಕಟ್ಟಲಿಕ್ಕೆ ಹೊಸ ಸಾಲ ಮಾತ್ರ ಬೇಡವೇ ಬೇಡ. ಮೂರನೆಯ ಸಾಲದಲ್ಲೇ ಅವಳ ಕಾಲು ಕುಸಿದದ್ದು.

ಕಂಪನಿಯವರ ಬಗ್ಗೆ ರಿಸರ್ವ್ ಬ್ಯಾಂಕಿನ ನಿಯಮಗಳು 2022ರ ಏಪ್ರಿಲ್ 1ರಿಂದ ಇವೆ. ಮನೆಯ ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗುವಂತೆ ಅವರು ಸಾಲ ಕೊಡಬಾರದು. ಈ ಮನೆಯ ಆದಾಯ ಹನ್ನೆರಡು ಸಾವಿರ, ಅರ್ಧ ಆರು ಸಾವಿರ, ಮೂರು ಕಂಪನಿಗಳ ಕಂತೇ 6,350. ಮೂರನೆಯ ಕಂಪನಿಯವರು ಆದಾಯ ಎಷ್ಟೆಂದು ಬರೆದುಕೊಂಡರೋ ಅವರನ್ನೇ ಕೇಳಬೇಕು. ಮುಂಜಾನೆ ಒಂಬತ್ತರ ಮೊದಲು, ಸಂಜೆ ಆರರ ಮೇಲೆ ವಸೂಲಿಗೆ ಬರುವಂತಿಲ್ಲ, ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ, ಬೀಗರಿಗೆ ನೆಂಟರಿಗೆ ಕಾಟ ಕೊಡುವಂತಿಲ್ಲ. ವಸೂಲಿ ಮೊದಲೇ ಗೊತ್ತು ಮಾಡಿದ ಜಾಗದಲ್ಲಿ ಆಗಬೇಕು. ಎರಡು ಸಲ ಮೇಲಿಂದ ಮೇಲೆ ಅಲ್ಲಿಗೆ ಹೋಗದಿದ್ದರೆ ಮಾತ್ರ ಮನೆಗೆ ಬರಬಹುದು. ಸಾಲದ ವಿವರದ ಹಾಳೆಯನ್ನು ನಮಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಇವನ್ನು ಒಂದು ಹಾಳೆಯಲ್ಲಿ ಬರೆದು ಮೀಟಿಂಗು ನಡೆಯುವ ಗುಡಿಯ ಗೋಡೆಗೆ ಅಂಟಿಸಿ ನೋಡಿ. ಬೇವಿನ ಗಿಡದ ಕೆಳಗೆ ನಿಲ್ಲುವ ಹುಡುಗನೂ ಓದಲಿ. ಅವನೂ ಬಡವರ ಮನೆಯ ಹುಡುಗನೇ, ವಸೂಲಿಯಾಗದಿದ್ದರೆ ಅವನ ಪಗಾರ ಕಡಿಯುತ್ತಾರೆ.

ನಮ್ಮ ರಾಜ್ಯದ ಕಾನೂನಿನ ಬಗ್ಗೆ ತಪ್ಪು ತಿಳುವಳಿಕೆ ಹಬ್ಬಿದೆ. 2025ರ ಜನವರಿಯಲ್ಲಿ ಜಿಲ್ಲೆ ಜಿಲ್ಲೆಗಳಿಂದ ಜನ ಊರು ಬಿಟ್ಟ ಸುದ್ದಿ ಬಂದವು. ಬೆಳಗಾವಿ ಜಿಲ್ಲೆಯಲ್ಲಿ ಸಾಲದ ಬಾಕಿಗೆ ಮನೆಗೆ ಬೀಗ ಬಿದ್ದು ಹಸಿ ಬಾಣಂತಿ ಕೂಸಿನೊಂದಿಗೆ ಹೊರಗೆ ಬಿದ್ದದ್ದು ಆಗಲೇ. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ರಾಜ್ಯಪಾಲರು ಒಮ್ಮೆ ತಿರುಗಿಸಿ ಕಳಿಸಿ, ಆಮೇಲೆ ಫೆಬ್ರವರಿ 12ರಂದು ಅಂಕಿತ ಹಾಕಿದರು. ಮುಂದೆ ಅದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ದೂರು ಕೊಟ್ಟರೆ ಪೊಲೀಸರು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಲೈಸೆನ್ಸಿಲ್ಲದೆ, ನೋಂದಣಿಯಿಲ್ಲದೆ ಬಡವರಿಗೆ ಕೊಟ್ಟ ಸಾಲ ತೀರಿದಂತೆಯೇ ಎಂದೂ ಅದು ಹೇಳುತ್ತದೆ. ಆದರೆ "ಗುಂಪಿನ ಸಾಲ ಎಲ್ಲಾ ಮನ್ನಾ ಆಗೇತಿ" ಎಂದು ಊರಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಕಂಪನಿಗಳ ಸಾಲವನ್ನು ಅದು ಮನ್ನಾ ಮಾಡುವುದಿಲ್ಲ. 1976ರಲ್ಲಿ ದೇವರಾಜ ಅರಸರ ಕಾಲದ ಋಣ ಪರಿಹಾರ ಕಾಯ್ದೆಯನ್ನು ನಮ್ಮ ಹಿರಿಯರು ಇನ್ನೂ ನೆನೆಯುತ್ತಾರೆ. ಅಂದು ಎದುರಿಗಿದ್ದವನು ಊರ ಸಾಹುಕಾರ, ಇಂದಿನ ಸಾಹುಕಾರನ ಗಲ್ಲೆ ಎಲ್ಲಿದೆಯೆಂದೇ ಕಾಣುವುದಿಲ್ಲ.

ಹೆರಿಗೆಯ ಖರ್ಚಿನ ಸಾಲವನ್ನು ತಪ್ಪಿಸುವುದು ಸಾಧ್ಯವಿದೆ, ಅದನ್ನಷ್ಟು ಕೇಳಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ ಎಲ್ಲ 2011ರಿಂದ ಪುಕ್ಕಟೆ. ಹೋಗಲಿಕ್ಕೆ 108, ವಾಪಸು ಮನೆಗೆ ಬಿಡಲಿಕ್ಕೆ ನಗು-ಮಗು ಗಾಡಿ. ಪ್ರತಿ ತಿಂಗಳು 9ನೆಯ ತಾರೀಖು ಬಸುರಿಯರ ತಪಾಸಣೆ. ಗುಂಪಿನ ಮೀಟಿಂಗನ್ನು ಆ ದಿನ ಇಡಬೇಡಿ ಎಂದು ನೀವೇ ಕೂಗಿ ಹೇಳಬಹುದು. ಆದರೂ ನಮ್ಮವರು ಹೆದರಿ ಖಾಸಗಿ ನರ್ಸಿಂಗ್ ಹೋಮಿಗೆ ಓಡಿ ಮೂವತ್ತು-ನಲವತ್ತು ಸಾವಿರ ಸುರಿಯುತ್ತಾರೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಾಲಾಗಿ ಬಾಣಂತಿಯರು ಸತ್ತ ಮೇಲಂತೂ ಆ ಹೆದರಿಕೆಯನ್ನು ಸುಳ್ಳು ಎನ್ನಲಿಕ್ಕೆ ನನಗೆ ಬಾಯಿಲ್ಲ. ಅಲ್ಲಿ ಕೊಟ್ಟ ಗ್ಲೂಕೋಸಿನಂಥ ದ್ರಾವಣದ ಮೇಲೆಯೇ ಅನುಮಾನ ಬಂದಿತ್ತು. ಸರ್ಕಾರ ಆಸ್ಪತ್ರೆಯ ಔಷಧ ನೆಟ್ಟಗೆ ನೋಡಿಕೊಳ್ಳದಿದ್ದರೆ ಹೆಣ್ಣುಮಕ್ಕಳು ಜೀವವನ್ನೋ ಸಾಲವನ್ನೋ ಆರಿಸಬೇಕಾಗುತ್ತದೆ. ಇದನ್ನು ಕೇಳುವ ಕೆಲಸವೂ ನಮ್ಮ ಚಳುವಳಿಯದೇ.

ಮೊದಲ ಹೆರಿಗೆಗೆ ಮಾತೃವಂದನೆಯ 5,000 ಎರಡು ಕಂತಿನಲ್ಲಿ ಬರುತ್ತದೆ. ಎರಡನೆಯದು ಹೆಣ್ಣಾದರೆ 6,000. ಗಂಡ ಅಥವಾ ಹೆಂಡತಿ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಿದ್ದರೆ ಮಂಡಳಿಯ ಕಾರ್ಡು ತೆಗೆದು ನೋಡಿ. ಹೆಸರಿರುವ ಹೆಣ್ಣುಮಗಳಿಗೆ ಮೊದಲ ಎರಡು ಹೆರಿಗೆಗೆ ತಾಯಿ ಲಕ್ಷ್ಮಿ ಬಾಂಡಿನ 50,000 ಇದೆ. ಬೆಂಗಳೂರಿಗೆ ಗುಳೆ ಹೋಗಿ ಇಟ್ಟಿಗೆ ಹೊತ್ತು ಬಂದ ಎಷ್ಟೋ ಹೆಂಗಸರು ಹೆಸರು ಬರೆಸಿಯೇ ಇಲ್ಲ. ಗಂಡನ ಹೆಸರು ಇರುತ್ತದೆ, ಅವಳು ಲೆಕ್ಕಕ್ಕಿಲ್ಲ. ಅಂಗನವಾಡಿಯಲ್ಲಿ 2017ರಿಂದ ಮಾತೃಪೂರ್ಣದ ಊಟವಿದೆ. ದಿನಾ ಅಲ್ಲಿಗೇ ಹೋಗಿ ಉಣ್ಣಬೇಕೆಂದರೆ ಹೊಲದ ಕೆಲಸದವಳಿಗೆ ಕಷ್ಟ, ಹಸಿ ಬಾಣಂತಿ ಹೊಸ್ತಿಲು ದಾಟುವಂತಿಲ್ಲ ಎನ್ನುವ ಮನೆಯಲ್ಲಂತೂ ಸಾಧ್ಯವೇ ಇಲ್ಲ. ಯೋಜನೆ ಬರೆದವರು ನಮ್ಮ ಹೊಸ್ತಿಲು ನೋಡಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರವೂ ಹಾಗೆಯೇ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ, ರೊಕ್ಕ ಅತ್ತೆಯ ಖಾತೆಗೆ, ಸಾಲದ ಕಾರ್ಡಿನಲ್ಲಿ ಮಾತ್ರ ಸೊಸೆ. ನಮ್ಮ ಹೆಣ್ಣುಮಗಳ ಅತ್ತೆ ಆ ಹಾಳೆ ಓದಿದ ದಿನದಿಂದ ತಿಂಗಳಿಗೆ ಐನೂರು ಸೊಸೆಯ ಮೊಟ್ಟೆ, ಕಡಲೆಗೆ ಎಂದು ತೆಗೆದಿಟ್ಟರು. ನಾನು ಹೇಳಲಿಲ್ಲ, ಅವರೇ ತೆಗೆದಿಟ್ಟರು.

ಒಂದು ಮಾತು ಮೆಲ್ಲಗೆ ಹೇಳುತ್ತೇನೆ. ಸಾಲದ ಬಸುರಿ "ಸತ್ರ ಛಲೋ ಆಕ್ಕಿತ್ರಿ" ಅಂದರೆ ಅದನ್ನು ಬಾಯಿಮಾತು ಎಂದು ಬಿಡಬೇಡಿ. ಅವಳನ್ನು ಒಬ್ಬಳೇ ಬಿಡಬೇಡಿ. ಆಶಾ ಅಕ್ಕನಿಗೆ ಹೇಳಿ, 14416ಕ್ಕೆ ಫೋನ್ ಹಚ್ಚಿ, ಕನ್ನಡದಲ್ಲಿಯೇ ಮಾತಾಡುತ್ತಾರೆ, ರೊಕ್ಕ ಬೀಳುವುದಿಲ್ಲ.

ಕೊನೆಯದಾಗಿ ನಾವು ಈಗ ಹಿಡಿದಿರುವ ಕೆಲಸ. ಎಂಟನೆಯ ತಿಂಗಳಿನಿಂದ ಹೆರಿಗೆಯಾಗಿ ಮೂರು ತಿಂಗಳವರೆಗೆ ಬಸುರಿ-ಬಾಣಂತಿಯ ಕಂತು ಮುಂದೂಡಬೇಕು, ಅಲ್ಲಿಯತನಕ ಗುಂಪಿನ ಮೇಲೆ ಒತ್ತಡ ಹಾಕಬಾರದು, ಮೀಟಿಂಗಿಗೆ ಬಾ ಎನ್ನಬಾರದು ಎಂದು ಅರ್ಜಿ ಬರೆದು ಮೂರು ಶಾಖೆಗಳಿಗೆ ಕೊಟ್ಟೆವು. ಮುಂದೂಡಿದ ಕಂತಿಗೂ ಬಡ್ಡಿ ಓಡುತ್ತದೆ, ಅದು ನಮಗೆ ಗೊತ್ತಿದ್ದೇ ಕೇಳಿದ್ದೇವೆ. ಕೊರೋನಾ ಬಂದ 2020ರಲ್ಲಿ ಮಾರ್ಚಿನಿಂದ ಆಗಸ್ಟಿನವರೆಗೆ ಕಂತು ಮುಂದೂಡಲು ಬಂದಿತ್ತಲ್ಲ, ಈಗ ಯಾಕೆ ಬರುವುದಿಲ್ಲ ಎಂದು ಕೇಳಿದೆವು. ಒಬ್ಬ ಮ್ಯಾನೇಜರರು, "ನಮ್ಮ ಕಂಪ್ಯೂಟರಿನಾಗ ಬಸರಿ ಅಂತ ಕಾಲಂ ಇಲ್ರಿ ಮೇಡಂ" ಅಂದರು. ಇನ್ನೊಬ್ಬರು ಮೇಲಿನವರಿಗೆ ಕಳಿಸುತ್ತೇನೆಂದು ತೆಗೆದುಕೊಂಡರು. ಮೂರನೆಯವರು, ಹೆಸರಿನ ಪಟ್ಟಿ, ತಾಯಿ ಕಾರ್ಡಿನ ನಕಲು ತಂದರೆ ಒಂದೊಂದಾಗಿ ನೋಡೋಣ ಎಂದಿದ್ದಾರೆ. ಅವರ ಹತ್ತಿರ ಮುಂದಿನ ಮಂಗಳವಾರ ಹೋಗುತ್ತೇವೆ. ಇಲ್ಲಿಯವರೆಗೆ ಹನ್ನೊಂದು ಹೆಸರು ಬಂದಿವೆ. ಹೊರಗೆ ಕಟ್ಟೆಯ ಮೇಲೆ ನಮ್ಮ ಹುಡುಗಿಯರು ವಹಿ ಇಟ್ಟುಕೊಂಡು ಕೂತಿದ್ದಾರೆ. ನಿಮ್ಮ ಓಣಿಯಲ್ಲಿ ಕಾರ್ಡು ಇರುವ ಬಸುರಿ, ಬಾಣಂತಿ ಯಾರಿದ್ದರೂ ಊಟಕ್ಕೆ ಏಳುವ ಮೊದಲು ಬರೆಸಿ ಹೋಗಿ.